ಆಸ್ಟ್ರಿಯಾದ ಗಡಿಯಲ್ಲೊಂದು ಕುಂಕುಮದ ಬೊಟ್ಟು

ನಾನು ಒಂಬತ್ತು ವರ್ಷ ಯುರೋಪಿನ ಗಡಿಗಳನ್ನು ಕಾಯ್ದಿದ್ದೇನೆ. ಯುರೋಪನ್ನು ಮಾತ್ರ ಇವತ್ತಿಗೂ ನೋಡಿಲ್ಲ. ಕಾಯ್ದದ್ದೆಲ್ಲ ಅಮೆರಿಕದ ಸ್ಯಾನ್ ಮಟೇಓದ ಒಂದು ಹಳೆಯ ಬಂಗಲೆಯಲ್ಲಿ, ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು, ಕೈಯಲ್ಲಿ ಪೆನ್ಸಿಲ್ ಹಿಡಿದು. ಹಳೆಯ ಕಾಗದಪತ್ರ ಜೋಡಿಸುವ ಕೆಲಸಕ್ಕೆ ಸೇರುವ ನಮ್ಮ ಕಡೆಯ ಹೆಣ್ಣುಮಕ್ಕಳು ಈಗಲೂ ಆಗಾಗ ಫೋನು ಮಾಡಿ, "ಆಂಟಿ, ಆ ಕೆಲಸದಲ್ಲಿ ಏನಿರುತ್ತೆ?" ಎಂದು ಕೇಳುತ್ತಾರೆ. ಧೂಳಿರುತ್ತದೆ ಎನ್ನುತ್ತೇನೆ. ಅಷ್ಟೇ ಹೇಳಿ ಸುಮ್ಮನಾದರೆ ಸುಳ್ಳು ಹೇಳಿದಂತಾಗುತ್ತದೆ ಎಂದು ಇದನ್ನು ಬರೆಯಲು ಕೂತಿದ್ದೇನೆ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಾವು ಆಗ ಮೌಂಟನ್ ವ್ಯೂನಲ್ಲಿ ಎರಡು ರೂಮಿನ ಅಪಾರ್ಟ್‌ಮೆಂಟಿನಲ್ಲಿದ್ದೆವು. ಯಜಮಾನರು ಕಂಪ್ಯೂಟರಿನ ಚಿಪ್ಪು ಮಾಡುವ ಕಂಪನಿಯಲ್ಲಿ ಎಂಜಿನಿಯರು. ಮಗಳು ರೇಖಾ ಸ್ಕೂಲಿಗೆ ಹೋದ ಮೇಲೆ ಮನೆಯಲ್ಲಿ ನಾನು, ಫ್ರಿಜ್ಜು, ಗೋಡೆಯ ಮೇಲಿನ ನಂಜನಗೂಡಿನ ಶ್ರೀಕಂಠೇಶ್ವರ, ಮೂರೇ ಜನ. ಮೂವರಲ್ಲಿ ಫ್ರಿಜ್ಜೊಂದೇ ಸದ್ದು ಮಾಡುತ್ತಿತ್ತು. ಹೀಗಿರುವಾಗ ಪತ್ರಿಕೆಯಲ್ಲಿ ಒಂದು ಜಾಹೀರಾತು ನೋಡಿದೆ: ದಾಖಲೆ ಸಂಗ್ರಹಕ್ಕೆ ಟೈಪಿಸ್ಟ್ ಬೇಕು, ತಾಳ್ಮೆ ಇರಬೇಕು. ನಂಜನಗೂಡಿನಲ್ಲಿ ಟೈಪಿಂಗ್ ಹೈಯರ್ ಪಾಸು ಮಾಡಿದ್ದೆ. ತಾಳ್ಮೆಯ ಪರೀಕ್ಷೆಯನ್ನು ಕೂಡುಕುಟುಂಬದಲ್ಲಿ ಪಾಸು ಮಾಡಿದ್ದೆ. ಅರ್ಜಿ ಹಾಕಿದೆ, ಕರೆದರು.

ಆ ಬಂಗಲೆಯ ಕಥೆ ಇಷ್ಟು. ಮೊದಲ ಮಹಾಯುದ್ಧ ಮುಗಿದ ಮೇಲೆ ಯುರೋಪಿನಲ್ಲಿ ದೊಡ್ಡ ಸಾಮ್ರಾಜ್ಯಗಳು ಒಡೆದು ಚಿಕ್ಕ ಚಿಕ್ಕ ದೇಶಗಳಾದವು. ಯಾವ ಹಳ್ಳಿ ಯಾರಿಗೆ, ಯಾವ ಹೊಳೆ ಯಾರಿಗೆ ಎಂದು ಗೆರೆ ಎಳೆಯಲು ಗಡಿ ಆಯೋಗಗಳು ಹೊರಟವು. ಗೆರೆ ಎಳೆದ ಕಡೆ ಹೊಡೆದಾಟವಾಗದಂತೆ ಶಾಂತಿ ಕಾಯಲು ಹೊರದೇಶಗಳ ಸಿಪಾಯಿಗಳೂ ಬಂದರು. ಇಲ್ಲಿಯ ಒಬ್ಬ ಹಣವಂತ ವ್ಯಾಪಾರಿಗೆ ಆ ಆಯೋಗಗಳ ಕಾಗದಗಳನ್ನು ಕೊಂಡು ಗುಡ್ಡೆ ಹಾಕುವ ಹುಚ್ಚು. ಆತ ತೀರಿಕೊಂಡ ಮೇಲೆ ಬಂಗಲೆಯೇ ಲೈಬ್ರರಿಯಾಯಿತು.

ಅದರ ಮುಖ್ಯಸ್ಥೆ ಮಿಸ್ ಡಾಲ್ಟನ್. ತೆಳ್ಳಗೆ, ಎತ್ತರಕ್ಕೆ, ಕೊರಳಿಗೆ ಕನ್ನಡಕ ನೇತುಹಾಕಿಕೊಂಡಿದ್ದ ಹೆಂಗಸು. ನಗುವುದನ್ನು ವರ್ಷಕ್ಕಿಷ್ಟು ಎಂದು ಪಡಿ ಹಾಕಿಕೊಂಡಿದ್ದರೋ ಏನೋ. ನಮ್ಮ ಯಜಮಾನರ ಹೆಸರು ಶ್ರೀಕಂಠಯ್ಯ. ಅದನ್ನು ಒಂದು ವಾರ ಅಭ್ಯಾಸ ಮಾಡಿ, ಕೊನೆಗೆ ನನ್ನನ್ನು "ಮಿಸೆಸ್ ಶ್ರೀ" ಎಂದು ಕರೆದರು. ಲಕ್ಷ್ಮಿಯ ಹೆಸರಾಯಿತಲ್ಲ ಎಂದು ನಾನೂ ಒಪ್ಪಿಕೊಂಡೆ. ಅವರ ಕಟ್ಟಳೆ ಎರಡು: ಒಳಗೆ ತಿಂಡಿ ಕೂಡದು, ಪೆನ್ನು ಕೂಡದು. ಬಾಗಿಲಲ್ಲೇ ಎಲ್ಲರ ಪೆನ್ನು ತೆಗೆಸಿ, ಕೈಗೊಂದು ಪೆನ್ಸಿಲ್ ಕೊಡುತ್ತಿದ್ದರು. ಹಳೆಯ ಕಾಗದದ ಮೇಲೆ ಹೊಸ ಶಾಯಿ ಬೀಳಬಾರದು, ಬಿದ್ದರೆ ಮುಂದಿನವರು ಅದನ್ನೂ ಚರಿತ್ರೆ ಎಂದುಕೊಳ್ಳುತ್ತಾರೆ ಎಂಬುದು ಅವರ ವಾದ.

ಮೊದಲನೆಯ ವಾರವೇ ನಾನೊಂದು ಎಡವಟ್ಟು ಮಾಡಿದೆ. ಒಂದು ಪೆಟ್ಟಿಗೆ ಕೊಟ್ಟು, ಇದನ್ನು ನೋಡಿಕೊಳ್ಳಿ ಎಂದರು. ಒಳಗೆ ಕಾಗದಗಳು ಅಡ್ಡಾದಿಡ್ಡಿಯಾಗಿದ್ದವು. ದೊಡ್ಡವು ಕೆಳಗೆ, ಚಿಕ್ಕವು ಮೇಲೆ, ನೀಲಿಯವು ಒಂದು ಕಡೆ, ಬಿಳಿಯವು ಒಂದು ಕಡೆ ಎಂದು ಬೀರುವಿನಲ್ಲಿ ಸೀರೆ ಜೋಡಿಸಿದ ಹಾಗೆ ಜೋಡಿಸಿಟ್ಟೆ. ಮಿಸ್ ಡಾಲ್ಟನ್ ಬಂದು ನೋಡಿ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ಕಾಗದ ಬರೆದವನು ಯಾವ ಕ್ರಮದಲ್ಲಿ ಇಟ್ಟಿದ್ದನೋ ಅದೇ ಕ್ರಮದಲ್ಲಿ ಇಡಬೇಕು ಎಂಬುದು ಈ ಕೆಲಸದ ಮೊದಲ ಪಾಠ. ಹಳೆಯ ಪಟ್ಟಿಯೊಂದು ಇದ್ದದ್ದರಿಂದ ನಾಲ್ಕು ದಿನ ಕೂತು ಮತ್ತೆ ಅಡ್ಡಾದಿಡ್ಡಿ ಮಾಡಿದೆ. ಕೆದರಿದ್ದನ್ನು ಜೋಡಿಸುವುದಕ್ಕಿಂತ ಜೋಡಿಸಿದ್ದನ್ನು ಕೆದರುವುದು ಕಷ್ಟ ಎಂದು ಅವತ್ತು ತಿಳಿಯಿತು.

ನಾನು ದಿನಾ ಸಂಜೆ ದೀಪ ಹಚ್ಚುವಾಗ ಆ ದಿನ ದೇವರು ಮಾಡಿದ ಮೂರು ಉಪಕಾರಗಳನ್ನು ಎಣಿಸುತ್ತೇನೆ. ಮೂರು ಸಿಗದಿದ್ದರೆ ದೀಪದ ಮುಂದಿನಿಂದ ಏಳುವುದಿಲ್ಲ. ಆ ವಾರ ಎಣಿಸಿದ್ದು: ಕೆಲಸ ಹೋಗಲಿಲ್ಲ, ರೈಲಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು, ಮಿಸ್ ಡಾಲ್ಟನ್ ಬೈಯುವಾಗಲೂ ಮಿಸೆಸ್ ಎಂದೇ ಬೈದರು.

ಸದ್ಯ, ಅವರ ಕಡೆಯವರ ತಪ್ಪೂ ಒಂದು ನನ್ನ ಕಣ್ಣಿಗೆ ಬಿತ್ತು. ಅಮೆರಿಕದವರು ತಾರೀಖು ಬರೆಯುವಾಗ ತಿಂಗಳು ಮೊದಲು, ದಿನ ಆಮೇಲೆ. ಯುರೋಪಿನವರು ನಮ್ಮ ಹಾಗೆ, ದಿನ ಮೊದಲು. ಹಿಂದಿದ್ದ ಗುಮಾಸ್ತರು ನವೆಂಬರ್ ಐದರ ಕಾಗದಗಳನ್ನೆಲ್ಲ ಮೇ ತಿಂಗಳಿಗೆ ಸೇರಿಸಿದ್ದರು. "ಇದೇನು, ಮೇ ತಿಂಗಳಲ್ಲಿ ಕರ್ನಲ್ಲು ಹಿಮದಲ್ಲಿ ಜಾರಿ ಬಿದ್ದಿದ್ದಾರೆ?" ಎಂದು ಕೇಳಿದೆ. ಆಮೇಲೆ ನನಗೆ ಮರ್ಯಾದೆ ಹೆಚ್ಚಿತು.

ಕಾಗದಗಳಲ್ಲಿ ದೊಡ್ಡ ರಾಜಕೀಯವೇ ಇರುತ್ತದೆಂದು ನಾನು ಹೆದರಿದ್ದೆ. ಇದ್ದದ್ದು ಹೆಚ್ಚಾಗಿ ನಮ್ಮ ಹಿತ್ತಿಲಿನ ಜಗಳಗಳೇ. ಒಂದು ಆಯೋಗದಲ್ಲಿ ಇಂಗ್ಲೆಂಡು, ಫ್ರಾನ್ಸು, ಇಟಲಿ, ಜಪಾನಿನ ನಾಲ್ವರು ಅಧಿಕಾರಿಗಳು ಒಂದೇ ಮೋಟಾರಿನಲ್ಲಿ ಓಡಾಡಬೇಕಿತ್ತು. ಮುಂದಿನ ಸೀಟು ಯಾರದು ಎಂಬ ಬಗ್ಗೆ ಒಂದು ದಪ್ಪ ಕಡತವೇ ಇತ್ತು. ಇನ್ನೊಂದು ಕಡೆ ಹಳ್ಳಿಯ ಬಾತುಗಳು ದಿನಾ ಬೆಳಗ್ಗೆ ಗಡಿ ದಾಟಿ ಪಕ್ಕದ ದೇಶದ ಕೆರೆಗೆ ಹೋಗಿ ಸಂಜೆ ವಾಪಸು ಬರುತ್ತಿದ್ದವು. ಹೋಗುವಾಗ ಬರುವಾಗ ಅವನ್ನು ಎಣಿಸುವುದು ಶಾಂತಿಪಾಲಕ ಸಿಪಾಯಿಗಳ ಕೆಲಸ. ಆಚೆ ಕಡೆ ಇಟ್ಟ ಮೊಟ್ಟೆ ಯಾವ ದೇಶದ್ದು ಎಂದು ಇಬ್ಬರು ಕ್ಯಾಪ್ಟನ್ನುಗಳು ಇಡೀ ಬೇಸಿಗೆ ಪತ್ರ ಬರೆದುಕೊಂಡಿದ್ದರು. ಮೊಟ್ಟೆಯನ್ನು ಕೈಯಿಂದ ಮುಟ್ಟದವಳು ನಾನು. ಆ ವಾರ ಮೊಟ್ಟೆ ಎಂಬ ಪದವನ್ನು ಟೈಪ್ ಮಾಡಿದಷ್ಟು ಸಲ ಶಿವನಾಮ ಹೇಳಿದ್ದರೆ ಮೋಕ್ಷವೇ ಸಿಗುತ್ತಿತ್ತು.

ಇನ್ನು ಮಿಸ್ಟರ್ ಬಾಲಿಂತ್ ವಿಷಯಕ್ಕೆ ಬರುತ್ತೇನೆ. ಹಂಗೆರಿಯಿಂದ ಬಂದ ಮುದುಕರು, ಎಂಬತ್ತು ದಾಟಿತ್ತು. ಗಡಿಯಾರ ರಿಪೇರಿ ಮಾಡಿ ಬದುಕಿ, ಅಂಗಡಿ ಮುಚ್ಚಿ ಒಂಟಿಯಾಗಿದ್ದರು. ಪ್ರತಿ ಗುರುವಾರ ಟೈ ಕಟ್ಟಿಕೊಂಡು ಬಂದು ಒಂದೇ ಆಯೋಗದ ಕಾಗದಗಳನ್ನು ತರಿಸಿಕೊಂಡು ಓದುತ್ತಿದ್ದರು. ಆ ಆಯೋಗ ಹಂಗೆರಿಗೂ ಆಸ್ಟ್ರಿಯಾಕ್ಕೂ ನಡುವೆ ಗೆರೆ ಎಳೆದಾಗ, ತಮ್ಮ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಅವರು ಅದರ ದುಭಾಷಿಯಾಗಿದ್ದರು. ಅವರ ಹಳ್ಳಿಯ ಹೆಸರನ್ನು ಮೂರು ಸಲ ಹೇಳಿಸಿಕೊಂಡರೂ ನನ್ನ ನಾಲಿಗೆ ತಿರುಗಲಿಲ್ಲ. ಹಂಗೆರಿಯ ಕಡೆ ಉಳಿದ ಅವರ ಹಳ್ಳಿಗೆ ಕೆಳಕೊಪ್ಪಲು, ಆಸ್ಟ್ರಿಯಾಕ್ಕೆ ಹೋದ ಪಕ್ಕದ ಹಳ್ಳಿಗೆ ಮೇಲ್‌ಕೊಪ್ಪಲು ಎಂದು ನಾನೇ ನಾಮಕರಣ ಮಾಡಿದೆ. ಕೊನೆಕೊನೆಗೆ ಅವರೂ "ಕೆಲಾಕೋಪಾಲ್" ಎನ್ನುತ್ತಿದ್ದರು.

ಎರಡು ಕೊಪ್ಪಲುಗಳ ನಡುವೆ ಒಂದು ನೀರಿನ ಗಿರಣಿ ಇತ್ತು. ಅದು ಕೆಳಕೊಪ್ಪಲಿನದು. ಗೆರೆ ಎಳೆಯುವ ಹೊತ್ತಿಗೆ ಮೇಲ್‌ಕೊಪ್ಪಲಿಗೆ ಹೋಗಿಬಿಟ್ಟಿತು. ದುಭಾಷಿ ಲಂಚ ತಿಂದು ತಪ್ಪು ಅನುವಾದ ಮಾಡಿದ ಎಂದು ಊರು ಹೇಳಿತು. ಬಾಲಿಂತ್ ಊರು ಬಿಟ್ಟರು. ಅವರ ತಂಗಿ ಇಲೋನಾ ಕೂಡ ಮುಂದೆ ಅಮೆರಿಕಕ್ಕೆ ಬಂದು ಸ್ಯಾಕ್ರಮೆಂಟೋದಲ್ಲಿ ನೆಲೆಸಿದ್ದರೂ ಅಣ್ಣ ತಂಗಿ ಅರವತ್ತು ವರ್ಷದಿಂದ ಮಾತಾಡಿರಲಿಲ್ಲ. ಗಿರಣಿ ಮೊದಲು ಕೆಳಕೊಪ್ಪಲಿಗೇ ಗುರುತಾಗಿತ್ತು, ಆಮೇಲೆ ಯಾವನೋ ಗುಮಾಸ್ತ ಕೆಡಿಸಿದ ಎಂದು ತೋರಿಸುವ ಒಂದು ಚೂರು ಕಾಗದ ಸಿಕ್ಕರೆ ಸಾಕು, ನೆಮ್ಮದಿಯಾಗಿ ಸಾಯುತ್ತೇನೆ ಎನ್ನುತ್ತಿದ್ದರು.

ಆ ವರ್ಷ ಆಯೋಗದ ಒಂದು ದೊಡ್ಡ ನಕ್ಷೆಯನ್ನು ಬಿಚ್ಚಿದೆವು. ಮಡಿಕೆ ಬಿಚ್ಚಿದರೆ ಹರಿಯುತ್ತದೆಂದು ಅಲ್ಲಿಯವರೆಗೆ ಯಾರಿಗೂ ತೋರಿಸಿರಲಿಲ್ಲ. ಹದವಾಗಿ ತೇವ ಕೊಟ್ಟು, ಭಾರವಿಟ್ಟು ಚಪ್ಪಟೆ ಮಾಡಿ, ನಕ್ಷೆ ಕೋಣೆಯ ಮೇಜಿನ ಮೇಲೆ ಹಾಸಿದ್ದೆವು. ಅಷ್ಟರಲ್ಲಿ ಆಯುಧಪೂಜೆ ಬಂತು. ಮನೆಯಲ್ಲಿ ಕಾರು, ಕುಕ್ಕರು, ಯಜಮಾನರ ಕ್ಯಾಲ್ಕ್ಯುಲೇಟರು ಎಲ್ಲಕ್ಕೂ ಪೂಜೆಯಾಯಿತು. ಅನ್ನ ಕೊಡುವ ಲೈಬ್ರರಿಯ ಸಾಮಾನುಗಳನ್ನು ಬಿಡುವುದು ಹೇಗೆ? ಕುಂಕುಮವನ್ನು ನೀರಿನಲ್ಲಿ ಕಲಸಿ ಪುಟ್ಟ ಡಬ್ಬಿಯಲ್ಲಿ ತೆಗೆದುಕೊಂಡು, ಮಿಸ್ ಡಾಲ್ಟನ್ ಬರುವ ಮುಂಚೆಯೇ ಹೋದೆ. ಟೈಪ್‌ರೈಟರಿಗೆ, ಪೇಪರ್ ಕಟ್ಟರಿಗೆ, ನಕ್ಷೆಗಳ ಕಬ್ಬಿಣದ ಬೀರುವಿಗೆ ಒಂದೊಂದು ಬೊಟ್ಟಿಟ್ಟು, ಕೈಮುಗಿದು, ಅವರು ಬರುವ ಹೊತ್ತಿಗೆ ಒರೆಸಿಬಿಟ್ಟೆ. ಬೀರುವಿನ ಮೇಲಿನ ಖಾನೆ ಎಟುಕದೆ ಮೇಜಿಗೆ ಒಂದು ಕೈ ಊರಿದ್ದೆ. ಅದು ಕುಂಕುಮದ ಕೈ ಎಂಬುದು ತಲೆಗೆ ಹೊಳೆಯಲಿಲ್ಲ.

ಮುಂದಿನ ಗುರುವಾರ ಮಿಸ್ಟರ್ ಬಾಲಿಂತ್ ನಕ್ಷೆಯ ಮೇಲೆ ಭೂತಗನ್ನಡಿ ಹಿಡಿದವರು ಅಲುಗಾಡದೆ ನಿಂತುಬಿಟ್ಟರು. ಅವರಿಗೆ ಏನೋ ಆಯಿತೆಂದು ನೀರು ತರಲು ಓಡಿದೆ. ವಾಪಸು ಬಂದರೆ ಅವರ ಕಣ್ಣಲ್ಲೇ ನೀರಿತ್ತು. ಗಿರಣಿಯ ಆಚೆಗೆ, ಮೇಲ್‌ಕೊಪ್ಪಲಿನ ಕಡೆ, ಒಂದು ಕೆಂಪು ಬೊಟ್ಟು. ಅಲ್ಲಿ ಗಡಿಕಲ್ಲು ನೆಡಬೇಕೆಂದು ಮೊದಲು ಗುರುತು ಮಾಡಿದ್ದಾರೆ, ಹಾಗಾದರೆ ಗಿರಣಿ ನಮ್ಮದೇ ಎಂದು ತೊದಲಿದರು. ಮಿಸ್ ಡಾಲ್ಟನ್ ಕನ್ನಡಕ ಏರಿಸಿ ನೋಡಿದರು. ನಕ್ಷೆ ಬಿಚ್ಚಿದಾಗ ಎಲ್ಲಿ ಹರಿದಿದೆ ಎಂದಷ್ಟೇ ನೋಡಿದ್ದೆ, ಇದು ಕಣ್ಣಿಗೆ ಬಿದ್ದಿರಲಿಲ್ಲ ಎಂದರು. ಆಮೇಲೆ ಬಹಳ ಗಂಭೀರವಾಗಿ, ಈ ಕೋಣೆಗೆ ಇವತ್ತಿನವರೆಗೆ ಒಂದು ಪೆನ್ನೂ ಬಂದಿಲ್ಲ, ಆದ್ದರಿಂದ ಈ ಕೆಂಪು ಆ ಕಾಲದ್ದೇ ಎಂದು ತೀರ್ಪು ಕೊಟ್ಟರು.

ನಾನು ನೋಡಿದ ಕೂಡಲೇ ಗುರುತು ಹಿಡಿದೆ. ನಮ್ಮತ್ತೆ ಮೈಸೂರಿನಿಂದ ಕಳಿಸಿದ ಕುಂಕುಮ. ಎಷ್ಟು ದುಂಡಗಿತ್ತೆಂದರೆ ಬೇರೆಯವರ ಬೆರಳು ಅಷ್ಟು ದುಂಡಗೆ ಇಡಲಾರದು.

ಹೇಳಬೇಕಿತ್ತು. ಹೇಳಲಿಲ್ಲ. ಕೆಲಸ ಹೋಗುವ ಹೆದರಿಕೆ ಅರ್ಧ, ಆ ಮುದುಕರ ಮುಖ ಅರ್ಧ. ಒಂದು ವಾರ ಕಳೆಯುವಷ್ಟರಲ್ಲಿ ನನ್ನ ಬೊಟ್ಟು ದೊಡ್ಡ ಮನುಷ್ಯನಾಯಿತು. ಬರ್ಕ್ಲಿಯಿಂದ ಒಬ್ಬ ಪ್ರೊಫೆಸರು ಬಂದು ಅಳೆದು, "ಕೆಂಪು ಕಲ್ಲಿನ ಸಿದ್ಧಾಂತ" ಎಂದು ಹೆಸರಿಟ್ಟು ಹೋದರು. ಗುರುತು ಮಾಡಿದವನ ಕೈ ಬಹಳ ಪಳಗಿದ್ದು ಎಂದರಂತೆ. ಅದೊಂದು ಮಾತು ನಿಜ. ಮಿಸ್ಟರ್ ಬಾಲಿಂತ್ ಇದನ್ನೆಲ್ಲ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತಮ್ಮ ಕಡೆಯ ಹಳಬರ ಕ್ಲಬ್ಬಿನಲ್ಲಿ ಭಾನುವಾರ ಓದುವುದೆಂದು ಗೊತ್ತು ಮಾಡಿದರು. ತಂಗಿಗೂ ಬರಬೇಕೆಂದು ಕಾಗದ ಹಾಕಿದರು. ಅರವತ್ತು ವರ್ಷದಲ್ಲಿ ಮೊದಲ ಕಾಗದ.

ಮನೆಯಲ್ಲಿ ಊಟದ ಹೊತ್ತಿಗೆ ಬಾಯಿಬಿಟ್ಟೆ. ಯಜಮಾನರು ಸಾರು ಕಲಸುತ್ತಾ, "ಸುಮ್ನಿರೇ. ಒಬ್ಬ ಮುದುಕನಿಗೆ ಸಂತೋಷ ಆಯ್ತು ಅಂದ್ರೆ ನಿನ್ನ ಗಂಟೇನು ಹೋಗುತ್ತೆ? ಹಂಗೆರಿಯೋರೇನು ಬಂದು ನಿನ್ನ ಹಿಡ್ಕೊಂಡು ಹೋಗ್ತಾರಾ?" ಎಂದರು.

ರೇಖಾ ಹಪ್ಪಳ ಮುರಿಯುತ್ತಾ ತಲೆಯೆತ್ತಿದಳು. "ಬಟ್ ಅಮ್ಮಾ, ದಟ್ಸ್ ಫೋರ್ಜರಿ."

"ಕುಂಕುಮ ಕಣೇ ಅದು," ಎಂದೆ.

"ಸೋ ಇಟ್ಸ್ ಹೋಲಿ ಫೋರ್ಜರಿ."

ಹತ್ತು ವರ್ಷದ ಮಗಳ ಬಾಯಲ್ಲಿ ಆ ಮಾತು ಬಂದ ಮೇಲೆ ನನಗೆ ಊಟ ಸೇರಲಿಲ್ಲ. ಆವತ್ತು ದೀಪದ ಮುಂದೆ ಕೂತು ಒಂದು ಉಪಕಾರವನ್ನೂ ಎಣಿಸಲಾಗಲಿಲ್ಲ. ಸುಳ್ಳು ಗಿರಣಿಯನ್ನು ನಂಬಿ ಆ ಮನುಷ್ಯ ತಂಗಿಯ ಮುಂದೆ ನಿಲ್ಲುತ್ತಾನೆ, ನಿಲ್ಲಿಸಿದವಳು ನಾನು ಎಂಬುದೇ ತಲೆಯಲ್ಲಿ ಸುತ್ತುತ್ತಿತ್ತು.

ಮರುದಿನ ಗುರುವಾರ. ಬೆಳಗ್ಗೆಯೇ ಮಿಸ್ ಡಾಲ್ಟನ್ ಮುಂದೆ ಕುಂಕುಮದ ಡಬ್ಬಿ ಇಟ್ಟು, ರದ್ದಿ ಕಾಗದದ ಮೇಲೆ ಒಂದು ಬೊಟ್ಟಿಟ್ಟು, ನಕ್ಷೆಯ ಪಕ್ಕ ಹಿಡಿದೆ. ಎರಡೂ ಅಕ್ಕತಂಗಿಯರ ಹಾಗಿದ್ದವು. ಅವರು ಬಹಳ ಹೊತ್ತು ಭೂತಗನ್ನಡಿಯಲ್ಲಿ ನೋಡಿದರು.

"ಇದರಲ್ಲಿ ಏನೇನಿದೆ?" ಎಂದರು.

"ಅರಿಶಿನ, ಸುಣ್ಣ. ಅಂಗಡಿಯದು, ಮೇಡಂ, ಖಚಿತವಾಗಿ ಹೇಳಲಾರೆ."

"ಬೇರೆ ಎಲ್ಲೆಲ್ಲಿ ಹಚ್ಚಿದ್ದೀರಿ?"

ಟೈಪ್‌ರೈಟರು, ಕಟ್ಟರು, ಬೀರು ಎಂದು ಹೇಳಿದೆ. ಹೊರಟಿದ್ದೇನಲ್ಲ, ಪೂರ್ತಿ ಹೇಳಿಬಿಡೋಣ ಎಂದು, "ನಿಮ್ಮ ಕುರ್ಚಿ," ಎಂದೆ.

"ನನ್ನ ಕುರ್ಚಿ?"

"ಬೆನ್ನಿಗೆ. ಇಲ್ಲಿ ಎಲ್ಲ ಕೆಲಸ ಅದರಿಂದಲೇ ನಡೆಯೋದು, ಅದಕ್ಕೆ."

ಅವರು ಕಿಟಕಿಯ ಕಡೆ ತಿರುಗಿಕೊಂಡರು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆಂದೇ ನಾನು ತಿಳಿದೆ. ವರ್ಷದ ಪಡಿಯನ್ನೆಲ್ಲ ಒಂದೇ ಸಲ ಖರ್ಚು ಮಾಡುತ್ತಿದ್ದರು. ಆಮೇಲೆ ಮುಖ ಒರೆಸಿಕೊಂಡು ಹೇಳಿದ್ದು ಎರಡು ಮಾತು. ಬೊಟ್ಟನ್ನು ಅಳಿಸುವಂತಿಲ್ಲ, ಅಳಿಸಿದರೆ ನಕ್ಷೆ ಹಾಳಾಗುತ್ತದೆ. ಈ ಗುರುತು ಆಯೋಗದ್ದಲ್ಲ, ಕುಂಕುಮ ಎಂದು ನಕ್ಷೆಯ ವಿವರವಿರುವ ಕಾರ್ಡಿನಲ್ಲಿ ನಾನೇ ಟೈಪ್ ಮಾಡಿ ಸೇರಿಸಬೇಕು. ಎರಡನೆಯದು, ಮಿಸ್ಟರ್ ಬಾಲಿಂತ್‌ಗೆ ನಾನೇ ಹೇಳಬೇಕು.

ಕಾರ್ಡಿನ ಕಥೆ ಇಲ್ಲೇ ಮುಗಿಸಿಬಿಡುತ್ತೇನೆ. ಮುಂದೆ ಕಂಪ್ಯೂಟರು ಬಂದು, ಹೊಸದಾಗಿ ಸೇರಿದ ಹುಡುಗಿ ಕಾರ್ಡುಗಳನ್ನೆಲ್ಲ ಅದಕ್ಕೆ ತುಂಬಿದಳು. ಕುಂಕುಮ ಎಂದರೆ ಯಾರೋ ಮನುಷ್ಯನ ಹೆಸರೆಂದುಕೊಂಡಳು. ನಾನು ಕಂಡುಹಿಡಿದು ತಿದ್ದಿಸುವವರೆಗೆ ಆರು ತಿಂಗಳ ಕಾಲ ಆ ಗಡಿ ಆಯೋಗದಲ್ಲಿ ಕುಂಕುಮ್ ಎಂಬ ಅಧಿಕಾರಿಯೊಬ್ಬರು ಸೇವೆಯಲ್ಲಿದ್ದರು. ಹೊಸ ಯಂತ್ರ ಬಂತೆಂದು ಹಳೆಯ ಕಾರ್ಡುಗಳನ್ನು ಎಸೆಯಬೇಡಿ.

ಹತ್ತು ಗಂಟೆಗೆ ಮಿಸ್ಟರ್ ಬಾಲಿಂತ್ ಬಂದರು. ಹೊಸ ಟೈ, ಕೈಯಲ್ಲಿ ಭಾನುವಾರ ಓದುವ ಭಾಷಣ. ನಾನು ನಿಂತುಕೊಂಡೇ ಹೇಳಿದೆ. ಹಬ್ಬ, ಬೀರು, ಮೇಜಿಗೆ ಊರಿದ ಕೈ, ಯಾವುದನ್ನೂ ಬಿಡಲಿಲ್ಲ. ತಪ್ಪಾಯಿತು, ಹೆದರಿ ಸುಮ್ಮನಿದ್ದೆ ಎಂದೆ. ಅವರು ಭಾಷಣವನ್ನು ಮಡಿಸಿ ಜೇಬಿಗಿಟ್ಟರು.

"ಹೆದರಿ ಸುಮ್ಮನಿದ್ದಿರಿ," ಎಂದರು. "ಎಷ್ಟು ದಿನ?"

"ಒಂದು ವಾರ."

"ನಾನು ಅರವತ್ತು ವರ್ಷ."

ಆಮೇಲೆ ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಕೆಳಕೊಪ್ಪಲಿನ ಮುಖ್ಯಸ್ಥರು ಅವರ ತಂದೆಯೇ. ಇಂಗ್ಲಿಷ್ ಕ್ಯಾಪ್ಟನ್ನು ಗಿರಣಿ ನೋಡಲು ಬಂದ ದಿನ ಅವನ ಬೆನ್ನಿಗೆ ಮೇಲ್‌ಕೊಪ್ಪಲಿನವರೂ ನಿಂತಿದ್ದರು. ಈ ಗಿರಣಿ ಯಾರದು ಎಂದು ಕ್ಯಾಪ್ಟನ್ನು ಕೇಳಿದ. ದುಭಾಷಿ ಅದನ್ನು ತಂದೆಗೆ ಹೇಳಿದರು. ತಂದೆ ಟೋಪಿ ತೆಗೆದು, ತಲೆಬಾಗಿ, "ತಮ್ಮದೇ," ಎಂದರು.

ನನಗೆ ಅರ್ಥವಾಯಿತು. ನಮ್ಮ ಕಡೆಯೂ ಹಾಗೇ ಅಲ್ಲವೇ? ಬಂದವರು ಮನೆ ಯಾರದು ಎಂದರೆ, ನಿಮ್ಮದೇ ಅಂದ್ಕೊಳ್ಳಿ ಎನ್ನುತ್ತೇವೆ. ಹಾಗೆಂದು ಯಾರೂ ಹಾಸಿಗೆ ತಂದು ಹಾಕುವುದಿಲ್ಲ.

ಆದರೆ ಬೆಳಗ್ಗೆ ತಾನೇ ಕ್ಯಾಪ್ಟನ್ನು ದುಭಾಷಿಗೆ ಬೈದಿದ್ದ. ನೀನು ವಿವರಣೆ ಕೊಡಬೇಡ, ಅವರ ಪದ ಏನೋ ಅಷ್ಟನ್ನೇ ಹೇಳು ಎಂದಿದ್ದ. ಅದಕ್ಕೆ ಅವರು, "ನಿಮ್ಮದು ಅನ್ನುತ್ತಾರೆ," ಎಂದಷ್ಟೇ ಹೇಳಿದರು. ಕ್ಯಾಪ್ಟನ್ನು ಹಿಂದಕ್ಕೆ ತಿರುಗಿ ಮೇಲ್‌ಕೊಪ್ಪಲಿನವರನ್ನು ನೋಡಿ, ಓ, ನಿಮ್ಮದೋ, ಎಂದು ಬರೆದುಕೊಂಡ. ಅದು ಮರ್ಯಾದೆಯ ಮಾತು ಸ್ವಾಮಿ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಪೆನ್ಸಿಲು ಓಡಿಬಿಟ್ಟಿತ್ತು. ಕೆಲಸ ಹೋದೀತೆಂಬ ಹೆದರಿಕೆಗೆ ಅವರು ಬಾಯಿ ಮುಚ್ಚಿದರು. ಆ ಗುಮಾಸ್ತ ಎಂಬುವನು ಇರಲೇ ಇಲ್ಲ. ಇದೆಲ್ಲ ಅವರಿಗೆ ಮೊದಲಿನಿಂದ ಗೊತ್ತಿತ್ತು. ಯಾವುದಾದರೂ ಕಾಗದ ಬಂದು ಅದನ್ನು ಇಲ್ಲವೆನ್ನಿಸಲಿ ಎಂದು ಪ್ರತಿ ಗುರುವಾರ ಬರುತ್ತಿದ್ದರು.

ಮಿಸ್ ಡಾಲ್ಟನ್ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದರು. ತಮ್ಮ ಮೇಜಿನ ಟೆಲಿಫೋನನ್ನು ಎತ್ತಿ ಮಿಸ್ಟರ್ ಬಾಲಿಂತ್ ಮುಂದೆ ತಂದಿಟ್ಟರು. ದೂರದ ಕರೆ ಮಾಡಲು ನಮಗೆಲ್ಲ ಮೂರು ಸಹಿ ಬೇಕಿತ್ತು, ಅವತ್ತು ಒಂದೂ ಬೇಕಾಗಲಿಲ್ಲ.

ಅವರು ಸ್ಯಾಕ್ರಮೆಂಟೋಗೆ ಫೋನು ಮಾಡಿದರು. ನಮಗೆ ಅವರ ಭಾಷೆ ಬಾರದು. ಮೊದಲು ಅವರೊಬ್ಬರೇ ಮಾತಾಡಿದರು. ಆಮೇಲೆ ಆ ಕಡೆಯಿಂದ ಒಂದು ಧ್ವನಿ ಎಷ್ಟು ಜೋರಾಗಿ ಶುರುವಾಯಿತೆಂದರೆ ರಿಸೀವರನ್ನು ಕಿವಿಯಿಂದ ದೂರ ಹಿಡಿದುಕೊಂಡರು. ಕಾಲು ಗಂಟೆಯಾದ ಮೇಲೆ ಕೆಳಗಿಟ್ಟು ನಮ್ಮಿಬ್ಬರನ್ನೂ ನೋಡಿದರು.

"ಅವಳಿಗೆ ಗೊತ್ತಿತ್ತಂತೆ," ಎಂದರು. "ಲಂಚದ ಸುದ್ದಿ ಹಬ್ಬಿಸಿದ್ದೇ ಅವಳಂತೆ."

ಮರ್ಯಾದೆ ಮಾಡಲು ಹೋಗಿ ಗಿರಣಿ ಕಳೆದ ಎಂದು ಊರೆಲ್ಲ ಅಪ್ಪನನ್ನು ನೋಡಿ ನಗಲು ಶುರುಮಾಡಿತ್ತಂತೆ. ತಂಗಿಗೆ ತಡೆಯಲಾಗಲಿಲ್ಲ. ಅಣ್ಣ ಹೇಗೂ ಊರು ಬಿಡುವವನಿದ್ದ, ಅಪ್ಪ ಅಲ್ಲೇ ಬಾಳಬೇಕಿತ್ತು. ಅದಕ್ಕೇ ತಪ್ಪು ಅಪ್ಪನದಲ್ಲ, ಅಣ್ಣ ಚಿನ್ನದ ಗಡಿಯಾರ ತೆಗೆದುಕೊಂಡ ಎಂದು ಬಾವಿಯ ಹತ್ತಿರ ಹೇಳಿಬಿಟ್ಟಳು. ಆಮೇಲೆ ಅಣ್ಣನಿಗೆ ಮುಖ ತೋರಿಸಲು ಹೆದರಿ ಸುಮ್ಮನಿದ್ದಳು. ಅಣ್ಣ ಅಮೆರಿಕದಲ್ಲಿ ಗಡಿಯಾರದ ಅಂಗಡಿ ಇಟ್ಟ ಎಂದು ಕೇಳಿದಾಗ ಊರಿನವರೆಲ್ಲ, ನೋಡಿದಿರಾ, ಎಂದರಂತೆ.

ಇದನ್ನು ಹೇಳುವಾಗ ಮಿಸ್ಟರ್ ಬಾಲಿಂತ್ ನಗುತ್ತಿದ್ದರೋ ಅಳುತ್ತಿದ್ದರೋ ಹೇಳುವುದು ಕಷ್ಟ. ನಾನು ಮುಂಚೆ ಒಮ್ಮೆ ಮೋಸ ಹೋಗಿದ್ದೆನಾದ್ದರಿಂದ ತೀರ್ಮಾನಿಸಲು ಹೋಗಲಿಲ್ಲ. ನೀರು ತಂದುಕೊಟ್ಟೆ.

ಭಾನುವಾರ ಅವರು ಕ್ಲಬ್ಬಿಗೆ ಹೋಗಲಿಲ್ಲ. ಸ್ಯಾಕ್ರಮೆಂಟೋ ಬಸ್ಸು ಹತ್ತಿದರು. ಎರಡು ದಿನಕ್ಕೆಂದು ಹೋದವರು ತಿಂಗಳಾದರೂ ಬರಲಿಲ್ಲ. ಗುರುವಾರಗಳಲ್ಲಿ ಅವರ ಕುರ್ಚಿ ನೋಡಿದರೆ ಏನೋ ಒಂದು ಥರ ಆಗುತ್ತಿತ್ತು. ಕೊನೆಗೆ ಲೈಬ್ರರಿಯ ವಿಳಾಸಕ್ಕೆ, ನನ್ನ ಹೆಸರಿಗೆ ಒಂದು ಕಾಗದ ಬಂತು. ಪೆನ್ಸಿಲಿನಲ್ಲಿ ಬರೆದಿದ್ದರು. ತಂಗಿಯ ಮನೆಯಲ್ಲೇ ಉಳಿಯುವುದೆಂದು ನಿಶ್ಚಯವಾಗಿದೆ, ಇಬ್ಬರೂ ಕೂತು ಗಡಿ ಗೊತ್ತು ಮಾಡಿಕೊಂಡಿದ್ದೇವೆ, ಅಡುಗೆಮನೆ ಪೂರ್ತಿ ಅವಳದು, ಕಿಟಕಿ ಪಕ್ಕದ ಕುರ್ಚಿ ನನ್ನದು, ಟಿವಿ ದಿನ ಬಿಟ್ಟು ದಿನ, ದಯವಿಟ್ಟು ಆಯೋಗ ಕಳಿಸಬೇಡಿ ಎಂದಿತ್ತು.

ಮಿಸ್ ಡಾಲ್ಟನ್ ಆ ಕಾಗದವನ್ನು ಎರಡು ಸಲ ಓದಿದರು. ಇದು ನಿಮ್ಮ ಸ್ವಂತ ಕಾಗದವಾದರೂ ಲೈಬ್ರರಿಗೆ ಕೊಡುತ್ತೀರಾ ಎಂದು ಕೇಳಿದರು. ಕೊಟ್ಟೆ. ಒಂದು ಹೊಸ ಫೋಲ್ಡರು ತೆಗೆದು, ಮೂಲೆಯಲ್ಲಿ ತಮ್ಮ ನೀಟಾದ ಅಕ್ಷರದಲ್ಲಿ "ಇತ್ಯರ್ಥವಾದ ಗಡಿ ವಿವಾದಗಳು" ಎಂದು ಬರೆದು, ಅದರೊಳಗೆ ಇಟ್ಟರು. ಲೈಬ್ರರಿಯ ಅಷ್ಟು ಸಾವಿರ ಕಡತಗಳಲ್ಲಿ ಆ ಹೆಸರಿನದು ಅದುವರೆಗೆ ಒಂದೂ ಇರಲಿಲ್ಲ.